ಮನೆ ಕೊಳ್ಳುವ ಕಾಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ‘ಮನೆ ಕೊಂಡು ನೋಡು’ ಎಂದು ನಮ್ಮ ಹಿರಿಯರು ಹೇಳಲಿಲ್ಲವೆಂಬುದನ್ನು ಗಮನಿಸಿದವರು ಕಡಿಮೆ. ಕಾರಣ ಸ್ಪಷ್ಟವಾಗಿಯೇ ಇದೆ. ಹಳ್ಳಿಯಲ್ಲಿ ಮನೆಯೆಂಬುದು ಪೇಟೆಯ ಸರಕಾಗಿರಲಿಲ್ಲ. ಅದು ತಂದೆಯಿಂದ ಬಂತು, ಭಾಗದಲ್ಲಿ ಬಂತು, ಇಲ್ಲವೇ ಹಿತ್ತಲಿನಲ್ಲಿ ಪಾಯ ತೋಡಿ ಕಟ್ಟಿಕೊಂಡದ್ದಾಯಿತು. ಮನೆಯನ್ನು ಮಾರುವವನೆಂದರೆ ಕೆಟ್ಟು ಕೈಸೋತವನೆಂದೇ ಅರ್ಥ. ಅಂಥ ಮನೆಯನ್ನು ಕೊಳ್ಳುವುದಕ್ಕೂ ಜನ ಹಿಂದುಮುಂದು ನೋಡುತ್ತಿದ್ದರು. ಹೀಗಿರುವಾಗ ಕೊಳ್ಳಲು ತಕ್ಕ ಕಾಲ ಯಾವುದೆಂಬ ಪ್ರಶ್ನೆ ಹುಟ್ಟುವುದಕ್ಕೆ ಅವಕಾಶವೇ ಇರಲಿಲ್ಲ. ಕಾಲ ನೋಡುತ್ತಿದ್ದುದು ಗೃಹಪ್ರವೇಶಕ್ಕೆ ಮಾತ್ರ. ಅದನ್ನು ಪಂಚಾಂಗವೇ ಹೇಳುತ್ತಿತ್ತು.

ಇಂದು ನರಸಾಪುರದಲ್ಲಿ ಆ ಪ್ರಶ್ನೆ ಕಿವಿಗೆ ಬೀಳದೆ ಒಂದು ದಿನ ಕಳೆಯುವುದು ಕಷ್ಟ. ಹಾಲಿನ ಡೇರಿಯ ಮುಂದೆ, ಕ್ಷೌರದಂಗಡಿಯಲ್ಲಿ, ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ, ಮಾತು ಮಳೆಯಿಂದ ಹೊರಟರೂ ಟೊಮ್ಯಾಟೊ ಧಾರಣೆಯಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಸೈಟಿನ ಬೆಲೆಯಲ್ಲಿ. ‘ಈಗ ಕೊಳ್ಳಬಹುದೆ? ಇನ್ನೊಂದು ವರ್ಷ ಕಾಯಬಹುದೆ?’ ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಹೇಳುವವರಲ್ಲಿ ಹೆಚ್ಚಿನವರು ಮಾರುವವರ ಕಡೆಯವರೆಂಬುದಷ್ಟೆ ತೊಡಕು. ಕಳೆದ ವರ್ಷ ನನಗೂ, ನನ್ನ ಬಳಿ ಓದಿದ ಹುಡುಗನೊಬ್ಬನಿಗೂ ಒಂದೇ ತಿಂಗಳಿನಲ್ಲಿ ಈ ಪ್ರಶ್ನೆ ಎದುರಾಯಿತು. ಊರು ಒಂದೇ, ಪೇಟೆಯ ಸ್ಥಿತಿ ಒಂದೇ. ಆದರೂ ನಮಗಿಬ್ಬರಿಗೂ ದೊರೆತ ಉತ್ತರಗಳು ಬೇರೆ ಬೇರೆ. ಎರಡೂ ಸರಿಯೆಂದೇ ನನ್ನ ನಂಬಿಕೆ. ಅದು ಹೇಗೆಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಮೊದಲು ಊರಿನ ಪರಿಚಯ. ನರಸಾಪುರ ಕೋಲಾರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಗೆ ಹತ್ತಿರ. ಬೆಂಗಳೂರಿಗೆ ಸುಮಾರು ೫೦ ಕಿಲೋಮೀಟರು. ರಾಗಿ, ಹಿಪ್ಪುನೇರಳೆ, ತರಕಾರಿ, ಹಾಲು ಇವುಗಳ ಮೇಲೆ ಬದುಕಿದ ಸೀಮೆ. ಸದಾ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಭೂಮಿಯ ಬೆಲೆಯನ್ನು ಗೊತ್ತುಮಾಡುತ್ತಿದ್ದುದು ನೀರು. ಕೆರೆಯ ಕೆಳಗಿನ ತರಿ ಜಮೀನಿಗೆ ಒಂದು ಬೆಲೆ, ಮಳೆಯನ್ನು ನಂಬಿದ ಖುಷ್ಕಿಗೆ ಇನ್ನೊಂದು ಬೆಲೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಇಲ್ಲಿ ಭೂಮಿಯನ್ನು ವಶಪಡಿಸಿಕೊಂಡು ಕಾರ್ಖಾನೆಗಳಿಗೆ ಹಂಚಿದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಹೊಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ ೨೦೧೩ರಲ್ಲಿ ಕೆಲಸ ಆರಂಭಿಸಿತು. ಮುಂದೆ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನುಗಳ ಜೋಡಣೆಗೆ ಇಲ್ಲಿ ತೊಡಗಿತು. ೨೦೨೦ರ ಡಿಸೆಂಬರ್ ೧೨ರಂದು ಸಂಬಳದ ವಿಚಾರವಾಗಿ ಅಲ್ಲಿ ಗಲಭೆ ನಡೆದಾಗ ನರಸಾಪುರದ ಹೆಸರು ದೂರದೇಶದ ಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡಿತು. ೨೦೨೩ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು. ಈಗ ಕೆರೆಯ ಕೆಳಗಿನ ಗದ್ದೆಗಿಂತ ಹೆದ್ದಾರಿಯ ಮಗ್ಗುಲಿನ ಕಲ್ಲುಭೂಮಿಯೇ ಬೆಲೆಯುಳ್ಳದ್ದು.

ಕಾರ್ಖಾನೆ ಬಂದರೆ ಮನೆಯ ಬೆಲೆ ಏರುತ್ತದೆಂಬುದು ಎಲ್ಲರ ಬಾಯಲ್ಲಿರುವ ಮಾತು. ಸ್ವಲ್ಪ ನಿಧಾನಿಸಿ ನೋಡಿದರೆ ಇಲ್ಲಿ ಎರಡು ಬೆಲೆಗಳಿವೆಯೆಂಬುದು ತಿಳಿಯುತ್ತದೆ. ಒಂದು, ಬಾಡಿಗೆ, ಇನ್ನೊಂದು, ಕ್ರಯ. ಕಾರ್ಖಾನೆಯ ಕೆಲಸಕ್ಕೆಂದು ಬೇರೆ ಜಿಲ್ಲೆಗಳಿಂದಲೂ ಬೇರೆ ರಾಜ್ಯಗಳಿಂದಲೂ ಬಂದ ಹುಡುಗ ಹುಡುಗಿಯರು ಒಂದು ಕೋಣೆಯಲ್ಲಿ ಮೂವರು ನಾಲ್ವರು ಸೇರಿ ಬಾಡಿಗೆಗಿರುತ್ತಾರೆ. ಅವರಿಗಾಗಿ ಊರಿನವರು ಹಿತ್ತಲುಗಳಲ್ಲಿ ಸಾಲುಕೋಣೆಗಳನ್ನು ಕಟ್ಟಿದ್ದಾರೆ. ಹಿಂದಿನ ಕಾಲದ ವಠಾರಗಳು ಸಿಮೆಂಟಿನ ಚಾವಣಿ ಹೊದ್ದು ಮರಳಿ ಬಂದಂತಾಗಿದೆ. ಈ ಬಾಡಿಗೆ ಎಷ್ಟರಮಟ್ಟಿಗೆ ಏರಬಲ್ಲದು? ಆ ಹುಡುಗರ ಸಂಬಳ ಏರಿದಷ್ಟು ಮಾತ್ರ. ಅದಕ್ಕಿಂತ ಮೇಲೆ ಕೇಳಿದರೆ ಮೂವರಿದ್ದ ಕೋಣೆಯಲ್ಲಿ ಐವರಾಗುತ್ತಾರೆ, ಇಲ್ಲವೇ ಕೋಲಾರದಿಂದ ಬಸ್ಸಿನಲ್ಲಿ ಬಂದುಹೋಗುತ್ತಾರೆ.

ಕ್ರಯದ ಸಂಗತಿ ಹಾಗಲ್ಲ. ಇಲ್ಲಿ ಸೈಟು ಕೊಳ್ಳುವವರಲ್ಲಿ ಅನೇಕರು ಇಲ್ಲಿ ವಾಸಿಸುವವರಲ್ಲ. ಬೆಂಗಳೂರಿನಲ್ಲಿ ಕುಳಿತು, ಹತ್ತು ವರ್ಷಗಳ ಮೇಲೆ ಈ ಊರು ಏನಾಗಬಹುದೆಂದು ಊಹಿಸಿ ಹಣ ಹಾಕುವವರು ಅವರು. ಹೊಸ ಕಾರ್ಖಾನೆಯ ಸುದ್ದಿ ಬಂದರೆ ಬೆಲೆ ಒಂದು ಮೆಟ್ಟಿಲು ಏರುತ್ತದೆ; ಹೊಸಕೋಟೆಯಿಂದ ಮಾಲೂರಿನ ಕಡೆಗೆ ಹಾದುಹೋಗುವ ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯ ಸುದ್ದಿ ಬಂದರೆ ಇನ್ನೊಂದು ಮೆಟ್ಟಿಲು. ಬಾಡಿಗೆಯನ್ನು ಗೊತ್ತುಮಾಡುವುದು ಸಂಬಳ. ಕ್ರಯವನ್ನು ಗೊತ್ತುಮಾಡುವುದು ಆಸೆ. ಸಂಬಳಕ್ಕೆ ಒಂದು ಮಿತಿಯುಂಟು. ಆಸೆಗೆ ಮಿತಿ ಗೊತ್ತಾಗುವುದು ಅದು ಮುರಿದ ಮೇಲೆ. ಆದ್ದರಿಂದ ಇಂಥ ಊರುಗಳಲ್ಲಿ ಬಾಡಿಗೆಗೂ ಕ್ರಯಕ್ಕೂ ನಡುವಿನ ಅಂತರವನ್ನು ನೋಡುವುದು ಬೆಲೆಯನ್ನು ನೋಡುವುದಕ್ಕಿಂತ ಹೆಚ್ಚು ಉಪಯುಕ್ತ.

ಬೆಲೆಯನ್ನು ನೋಡಲು ಸಾಧನವೂ ಇಲ್ಲವೆನ್ನಬೇಕು. ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಮನೆಗಳ ಬೆಲೆಯ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಅದರಲ್ಲಿ ಬೆಂಗಳೂರಿಗೆ ಸ್ಥಾನವುಂಟು, ನರಸಾಪುರದಂಥ ಊರುಗಳಿಗಿಲ್ಲ. ಸರ್ಕಾರದ ಮಾರ್ಗಸೂಚಿ ಬೆಲೆಯೊಂದು ಇದೆ. ಅದು ನೋಂದಣಿಯ ಶುಲ್ಕಕ್ಕಾಗಿ ಗೊತ್ತುಮಾಡಿದ ಕನಿಷ್ಠ. ೨೦೨೩ರ ಅಕ್ಟೋಬರ್ ೧ರಿಂದ ರಾಜ್ಯದಲ್ಲೆಲ್ಲ ಅದನ್ನು ಏರಿಸಿದರು. ಉಳಿದದ್ದೆಲ್ಲ ದಳ್ಳಾಳಿಗಳ ಬಾಯಿಮಾತು. ‘ಮೊನ್ನೆ ಪಕ್ಕದ ಸೈಟು ಇಷ್ಟಕ್ಕೆ ಹೋಯಿತು’ ಎನ್ನುತ್ತಾರೆ. ಹೋದದ್ದನ್ನು ಕಂಡವರು ಯಾರೂ ಇರುವುದಿಲ್ಲ. ಮಾರಾಟಕ್ಕೆಂದು ಹೊರಟು ವರ್ಷವಾದರೂ ಮಾರಾಟವಾಗದ ಸೈಟುಗಳ ಬೆಲೆಯನ್ನು ಯಾರೂ ಹೇಳುವುದೂ ಇಲ್ಲ.

ನಮ್ಮ ಹಿಂದಿನ ತಲೆಮಾರಿನ ನೌಕರವರ್ಗಕ್ಕೆ ಈ ತಾಪತ್ರಯವಿರಲಿಲ್ಲ. ೧೮೯೮ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಂದಿನಿಂದ ಮೈಸೂರು ಸೀಮೆಯಲ್ಲಿ ಸರ್ಕಾರವೇ ಬಡಾವಣೆ ಮಾಡಿ ನಿವೇಶನ ಹಂಚುವ ಪದ್ಧತಿ ಬೇರೂರಿತು. ೧೯೪೫ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಬಂತು. ೧೯೭೬ರಲ್ಲಿ ಅದರ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅರ್ಜಿ ಹಾಕುವುದು, ಪಟ್ಟಿಯಲ್ಲಿ ಹೆಸರು ಬರುವವರೆಗೆ ಕಾಯುವುದು, ಬಂದ ದಿನ ಹೆಂಡತಿಯ ಒಡವೆ ಅಡವಿಟ್ಟು ಹಣ ಕಟ್ಟುವುದು: ಇಷ್ಟೇ ಅವರ ಪಾಲಿನ ಕೆಲಸ. ಬೆಲೆಯನ್ನು ಸರ್ಕಾರ ಗೊತ್ತುಮಾಡುತ್ತಿತ್ತು, ಕಾಲವನ್ನು ಪಟ್ಟಿ ಗೊತ್ತುಮಾಡುತ್ತಿತ್ತು. ನಮಗೆ ಪಟ್ಟಿಯಿಲ್ಲ. ಕಾಲವನ್ನು ನಾವೇ ಆರಿಸಿಕೊಳ್ಳಬೇಕು. ಸ್ವಾತಂತ್ರ್ಯವೇನೋ ಹೌದು, ಆದರೆ ಲೆಕ್ಕ ಬಾರದವನಿಗೆ ಅದು ಭಾರವಾದ ಸ್ವಾತಂತ್ರ್ಯ.

ಆದ್ದರಿಂದ ಒಂದು ಲೆಕ್ಕವನ್ನೇ ಮಾಡಿನೋಡೋಣ. ೪೦ ಲಕ್ಷ ರೂಪಾಯಿಯ ಮನೆಯೊಂದಿದೆಯೆಂದಿಟ್ಟುಕೊಳ್ಳೋಣ. ಅದನ್ನೇ ಬಾಡಿಗೆಗೆ ಹಿಡಿದರೆ ತಿಂಗಳಿಗೆ ೧೦,೦೦೦; ಬಾಡಿಗೆ ವರ್ಷಕ್ಕೆ ಶೇಕಡಾ ೫ರಂತೆ ಏರುತ್ತದೆ. ಕೊಳ್ಳುವವನು ಕೈಯಿಂದ ೧೦ ಲಕ್ಷ ಹಾಕಿ, ಉಳಿದ ೩೦ ಲಕ್ಷವನ್ನು ಶೇಕಡಾ ೮.೫ ಬಡ್ಡಿಗೆ ೨೦ ವರ್ಷಗಳ ಸಾಲವಾಗಿ ತರುತ್ತಾನೆ. ತಿಂಗಳ ಕಂತು ಸುಮಾರು ೨೬,೦೩೫ ರೂಪಾಯಿ. ಮೊದಲ ಕಂತಿನಲ್ಲಿ ೨೧,೨೫೦ ಬಡ್ಡಿಗೇ ಹೋಗುತ್ತದೆ. ಐದು ವರ್ಷಗಳಲ್ಲಿ ಕಟ್ಟಿದ್ದು ೧೫ ಲಕ್ಷ ೬೨ ಸಾವಿರ; ಅಸಲು ತೀರಿದ್ದು ಮೂರೂವರೆ ಲಕ್ಷಕ್ಕೆ ಸ್ವಲ್ಪ ಹೆಚ್ಚು. ಇದಲ್ಲದೆ ಕೊಂಡ ದಿನವೇ ನೋಂದಣಿಯ ಖರ್ಚು ಇದೆ. ಮುದ್ರಾಂಕ ಶುಲ್ಕ ಶೇಕಡಾ ೫, ಅದರ ಮೇಲಿನ ಸೆಸ್ಸು ಸರ್‌ಚಾರ್ಜುಗಳು, ೨೦೨೫ರ ಆಗಸ್ಟ್ ೩೧ರಿಂದ ಶೇಕಡಾ ೧ರಿಂದ ೨ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ೩ ಲಕ್ಷಕ್ಕೆ ಮೇಲೆ. ಮನೆಯನ್ನು ಮರುದಿನವೇ ಕೊಂಡ ಬೆಲೆಗೆ ಮಾರಿದರೂ ಈ ಹಣ ಮರಳಿ ಬಾರದು.

ಈಗ ಕೊಂಡವನು ಐದು ವರ್ಷಗಳ ಮೇಲೆ ಊರು ಬಿಡಬೇಕಾಯಿತೆನ್ನಿ. ಕಟ್ಟಿದ ಬಡ್ಡಿ, ನೋಂದಣಿಯ ಖರ್ಚು, ಕೈಯಿಂದ ಹಾಕಿದ ಹಣಕ್ಕೆ ಬ್ಯಾಂಕಿನಲ್ಲಿ ಶೇಕಡಾ ೬.೫ರಂತೆ ಬರಬಹುದಾಗಿದ್ದ ಬಡ್ಡಿ, ಇವುಗಳನ್ನು ಕೂಡಿಸಿ, ಉಳಿಸಿದ ಬಾಡಿಗೆಯನ್ನು ಕಳೆದರೆ ೧೨ ಲಕ್ಷ ೭೫ ಸಾವಿರದಷ್ಟು ನಿಲ್ಲುತ್ತದೆ. ಎಂದರೆ ಮನೆಯ ಬೆಲೆ ಪ್ರತಿ ವರ್ಷವೂ ಶೇಕಡಾ ೫.೭ರಂತೆ ಏರಿ ೫೨ ಲಕ್ಷ ೭೫ ಸಾವಿರ ಮುಟ್ಟಿದರೆ ಮಾತ್ರ ಅವನಿಗೂ ಬಾಡಿಗೆಯಲ್ಲಿದ್ದವನಿಗೂ ಸಮ. ಅದೇ ಮನುಷ್ಯ ಹತ್ತು ವರ್ಷ ಅಲ್ಲಿಯೇ ಉಳಿದರೆ, ಬೆಲೆ ವರ್ಷಕ್ಕೆ ಶೇಕಡಾ ೩.೯ರಂತೆ ಏರಿದರೂ ಸಾಕು. ಬಣ್ಣ, ದುರಸ್ತಿ, ಕಂದಾಯಗಳನ್ನು ಬಿಟ್ಟ ಸ್ಥೂಲ ಲೆಕ್ಕ ಇದು. ಆದರೂ ಇದರಿಂದ ಹೊರಡುವ ಸತ್ಯ ಸ್ಥೂಲವಲ್ಲ. ಒಂದೇ ಮನೆ, ಒಂದೇ ಬೆಲೆ, ಒಂದೇ ಸಾಲ. ಬದಲಾದದ್ದು ವಾಸದ ಅವಧಿ ಮಾತ್ರ. ಐದು ವರ್ಷಕ್ಕೆ ದುಬಾರಿಯಾದದ್ದು ಹತ್ತು ವರ್ಷಕ್ಕೆ ಹದವಾಯಿತು. ಕೊಳ್ಳುವ ತಿಂಗಳನ್ನು ಆರಿಸುವುದಕ್ಕಿಂತ ಇರುವ ವರ್ಷಗಳನ್ನು ಎಣಿಸುವುದು ಮುಖ್ಯ.

‘ಬಡ್ಡಿ ಇಳಿಯಲಿ, ಆಮೇಲೆ ಕೊಳ್ಳೋಣ’ ಎಂದು ಕಾಯುವವರೂ ಉಂಟು. ರಿಸರ್ವ್ ಬ್ಯಾಂಕಿನ ರೆಪೋ ದರ ೨೦೨೦ರ ಮೇ ತಿಂಗಳಿನಲ್ಲಿ ಶೇಕಡಾ ೪ಕ್ಕೆ ಇಳಿದಿತ್ತು. ೨೦೨೩ರ ಫೆಬ್ರವರಿಯ ವೇಳೆಗೆ ೬.೫ಕ್ಕೆ ಏರಿತು, ೨೦೨೫ರಲ್ಲಿ ಮತ್ತೆ ಇಳಿಯತೊಡಗಿತು. ಇದರ ಏರಿಳಿತವನ್ನು ಮುಂಗಾಣುವುದು ಮುಂಗಾರನ್ನು ಮುಂಗಾಣುವುದಕ್ಕಿಂತ ಸುಲಭವಲ್ಲ. ಮೇಲಿನ ಉದಾಹರಣೆಯಲ್ಲಿ ಬಡ್ಡಿ ಅರ್ಧ ಶೇಕಡಾ ಇಳಿದರೆ ಕಂತಿನಲ್ಲಿ ಉಳಿಯುವುದು ೯೪೦ ರೂಪಾಯಿ. ಕಾಯುತ್ತಿರುವ ಆ ಒಂದು ವರ್ಷದಲ್ಲಿ ಮನೆಯ ಬೆಲೆ ಶೇಕಡಾ ೫ ಏರಿತೆನ್ನಿ. ಸಾಲ ೩೨ ಲಕ್ಷವಾಗಿ, ಇಳಿದ ಬಡ್ಡಿಯಲ್ಲಿಯೂ ಕಂತು ಹಿಂದಿಗಿಂತ ೭೦೦ ರೂಪಾಯಿ ಹೆಚ್ಚೇ ಆಗುತ್ತದೆ. ಅಲ್ಲದೆ ೨೦೧೯ರ ಅಕ್ಟೋಬರಿನಿಂದೀಚೆಗೆ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಗೃಹಸಾಲಗಳು ಇಂಥ ಹೊರಗಿನ ದರಕ್ಕೆ ಜೋಡಿಸಲ್ಪಟ್ಟಿವೆ; ದರ ಇಳಿದಾಗ ಹಳೆಯ ಸಾಲಗಾರನಿಗೂ ಅದು ಇಳಿಯುತ್ತದೆ. ಆದ್ದರಿಂದ ಬಡ್ಡಿಯೊಂದಕ್ಕಾಗಿಯೇ ಕಾಯುವುದರಲ್ಲಿ ಅರ್ಥ ಕಡಿಮೆ. ಆದರೆ ಬಡ್ಡಿ ಏರಿದರೂ ಕಂತು ಕಟ್ಟುವ ಶಕ್ತಿ ತನಗಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಇನ್ನು ‘ಭೂಮಿಯ ಬೆಲೆ ಎಂದಿಗೂ ಇಳಿಯುವುದಿಲ್ಲ’ ಎಂಬ ಮಾತು. ಇದಕ್ಕೆ ದೂರದ ಸಾಕ್ಷಿಯೊಂದಿದೆ, ಹತ್ತಿರದ ಸಾಕ್ಷಿಯೊಂದಿದೆ. ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಹೇರೆನ್‌ಗ್ರಾಖ್ಟ್ ಎಂಬ ಕಾಲುವೆಯ ದಡದಲ್ಲಿ ಶ್ರೀಮಂತ ವರ್ತಕರ ಮನೆಗಳಿವೆ. ೧೬೨೮ರಿಂದ ೧೯೭೩ರವರೆಗೆ ಆ ಮನೆಗಳು ಕೈಬದಲಾದ ಬೆಲೆಗಳನ್ನು ಪೀಟ್ ಐಖ್‌ಹೋಲ್ಟ್ಸ್ ಎಂಬ ವಿದ್ವಾಂಸರು ಕಲೆಹಾಕಿದರು. ಹಣದುಬ್ಬರವನ್ನು ಕಳೆದು ನೋಡಿದಾಗ ಸುಮಾರು ಮೂರೂವರೆ ಶತಮಾನಗಳಲ್ಲಿ ಮನೆಗಳ ನಿಜಬೆಲೆ ಇಮ್ಮಡಿಯಾಗಿತ್ತಷ್ಟೆ. ನಡುವೆ ಯುದ್ಧ, ಪಿಡುಗು, ವ್ಯಾಪಾರದ ಕುಸಿತಗಳಿಂದ ಬೆಲೆ ಹಲವು ಸಲ ನೆಲಕಚ್ಚಿ ಮೇಲೆದ್ದಿತ್ತು. ಜಗತ್ತಿನ ಹೆಸರಾಂತ ಬೀದಿಯೊಂದರ ಕಥೆ ಇದು.

ಹತ್ತಿರದ ಸಾಕ್ಷಿ ನಮ್ಮ ಜಿಲ್ಲೆಯ ಚಿನ್ನದ ಗಣಿ. ೧೯೦೨ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡ ಊರು ಕೋಲಾರದ ಚಿನ್ನದ ಗಣಿ ಪ್ರದೇಶ. ನೂರು ವರ್ಷಕ್ಕೂ ಮಿಕ್ಕಿ ಸಾವಿರಾರು ಸಂಸಾರಗಳು ಒಂದೇ ಉದ್ಯಮವನ್ನು ನಂಬಿ ಅಲ್ಲಿ ಬಾಳಿದವು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಮನೆಗಳು ಇದ್ದಲ್ಲಿಯೇ ಇದ್ದವು. ಕೆಲಸ ಮಾತ್ರ ಹೊರಟುಹೋಯಿತು. ಇಂದಿಗೂ ಅಲ್ಲಿನ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ನರಸಾಪುರಕ್ಕೆ ಇಂಥದೇ ಗತಿಯೆಂದು ನಾನು ಹೇಳುತ್ತಿಲ್ಲ. ಇಲ್ಲಿರುವುದು ಒಂದೇ ಕಾರ್ಖಾನೆಯಲ್ಲ, ಬೆಂಗಳೂರೂ ಹತ್ತಿರ. ಆದರೆ ಒಬ್ಬನ ಕೆಲಸವೂ ಒಬ್ಬನ ಮನೆಯ ಬೆಲೆಯೂ ಒಂದೇ ಕಾರ್ಖಾನೆಯ ಮೇಲೆ ನಿಂತಿದ್ದರೆ, ಅದು ಕುಂಟಿದ ದಿನ ಅವನು ಸಂಬಳವನ್ನೂ ಬೆಲೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ.

ನನ್ನ ವಿದ್ಯಾರ್ಥಿಯ ಸಂಗತಿ ಇಲ್ಲಿಗೆ ಬರುತ್ತದೆ. ಅವನು ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಇಪ್ಪತ್ತೈದರ ಯುವಕ. ತಂದೆಯಿಲ್ಲ; ಮದುವೆಯಾಗಬೇಕಾದ ತಂಗಿಯಿದ್ದಾಳೆ. ಚೀಟಿ ಕಟ್ಟಿ, ಪಾಳಿಯ ಮೇಲೆ ಪಾಳಿ ದುಡಿದು ಒಂದಿಷ್ಟು ಹಣ ಕೂಡಿಸಿದ್ದ. ಒಂದು ಸಂಜೆ ಮನೆಗೆ ಬಂದು, “ಸಾರ್, ಮೂವತ್ತು ನಲವತ್ತರ ಸೈಟು ನೋಡಿದ್ದೀನಿ. ಈಗ ಮುಂಗಡ ಕೊಡದಿದ್ದರೆ ಮುಂದಿನ ತಿಂಗಳು ಬೆಲೆ ಏರುತ್ತೆ ಅಂತಾರೆ. ಕೊಟ್ಟುಬಿಡಲೇ?” ಎಂದು ಕೇಳಿದ.

“ಕಾಗದ ನೋಡಿದೆಯೇನಪ್ಪ?” ಎಂದೆ.

“ಎಲ್ಲಾ ಸರಿಯಾಗಿದೆ ಅಂದರು ಸಾರ್.”

ಕಾಗದವೆಂಬುದು ಈ ಸೀಮೆಯಲ್ಲಿ ಒಂದು ದೊಡ್ಡ ಶಾಸ್ತ್ರ. ಹೊಲದಲ್ಲಿ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟ ಮಾತ್ರಕ್ಕೆ ಅದು ನಿವೇಶನವಾಗುವುದಿಲ್ಲ. ಸಾಗುವಳಿ ಭೂಮಿಯನ್ನು ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನಂತೆ ವಾಸಕ್ಕೆಂದು ಪರಿವರ್ತಿಸಿರಬೇಕು. ಬಡಾವಣೆಯ ನಕ್ಷೆಗೆ ಒಪ್ಪಿಗೆ ದೊರೆತಿರಬೇಕು. ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ ೯, ೧೧-ಎ ಇದ್ದರೆ ಒಂದು ಬಗೆ. ೧೧-ಬಿ ಮಾತ್ರವಿದ್ದರೆ ಇನ್ನೊಂದು ಬಗೆ, ಅಲ್ಲಿ ಎಚ್ಚರ ಬೇಕು. ಮೂಲ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದಾಗಿದ್ದರೆ, ೧೯೭೮ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟಕ್ಕೆ ಬೆಲೆಯಿಲ್ಲ. ಬರಿಯ ಅಧಿಕಾರಪತ್ರದ ಮೇಲೆ, ಎಂದರೆ ಜನರು ಜಿ.ಪಿ.ಎ. ಎನ್ನುವ ಕಾಗದದ ಮೇಲೆ, ಆಸ್ತಿಯ ಒಡೆತನ ಬದಲಾಗದೆಂದು ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿಯೇ ತೀರ್ಪು ಕೊಟ್ಟಿದೆ. ನರಸಾಪುರದ ಮಟ್ಟಿಗೆ ಇನ್ನೊಂದು ವಿಶೇಷವುಂಟು. ಆ ಸರ್ವೆ ನಂಬರು ೧೯೬೬ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ೨೮ನೆಯ ಕಲಮಿನ ಕೆಳಗೆ ಭೂಸ್ವಾಧೀನದ ಅಧಿಸೂಚನೆಗೆ ಒಳಪಟ್ಟಿದೆಯೇ ಎಂದು ಕೇಳಲೇಬೇಕು. ಒಳಪಟ್ಟಿದ್ದರೆ ಕೊಂಡವನ ಪಾಲಿಗೆ ಮನೆಯ ಬದಲು ಮೊಕದ್ದಮೆ ಬರುತ್ತದೆ.

ಹುಡುಗ ನಾನು ಬರೆದುಕೊಟ್ಟ ಪಟ್ಟಿಯನ್ನು ಹಿಡಿದು ಹೋದ. ಪಹಣಿ, ಋಣಭಾರ ಪತ್ರ, ಪರಿವರ್ತನೆಯ ಆದೇಶ, ಮೂಲ ಕ್ರಯಪತ್ರ ಇವುಗಳ ನಕಲು ಕೇಳಿದ. ಎರಡು ವಾರ ಅಲೆದ ಮೇಲೆ ಬಂದದ್ದು ೧೧-ಬಿ ನಮೂನೆಯೊಂದು, ಅಧಿಕಾರಪತ್ರವೊಂದು. ಬ್ಯಾಂಕಿನವರು ಅದರ ಮೇಲೆ ಸಾಲವಿಲ್ಲವೆಂದರು. ಬ್ಯಾಂಕು ಸಾಲ ಕೊಡಲೊಲ್ಲದ ಆಸ್ತಿಯನ್ನು ಬಡವನು ತನ್ನ ಇಡುಗಂಟಿನಿಂದ ಕೊಳ್ಳುವುದು ವಿವೇಕವೆ? ಕಾಗದ ಸರಿಯಿದ್ದಿದ್ದರೂ ಅವನಿಗೆ ನಾನು ಕಾಯೆಂದೇ ಹೇಳುತ್ತಿದ್ದೆ. ಗುತ್ತಿಗೆಯ ಕೆಲಸ ಅವನನ್ನು ನಾಳೆ ಹೊಸೂರಿಗೆ ಕರೆದೊಯ್ಯಬಹುದು. ತಂಗಿಯ ಮದುವೆ ಎದುರಿಗಿದೆ. ಐದು ವರ್ಷ ಇಲ್ಲಿರುತ್ತೇನೆಂದು ಅವನೇ ಹೇಳಲಾರ. ಅಂಥವನಿಗೆ ಬಾಡಿಗೆ ಎಂಬುದು ವ್ಯರ್ಥವಾದ ಹಣವಲ್ಲ; ಎದ್ದು ಹೋಗುವ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ. ಅವನು ಹಣವನ್ನು ಬ್ಯಾಂಕಿನಲ್ಲಿಟ್ಟ. ಆ ದಿನ ಅವನ ಮುಖ ಸಪ್ಪಗಿತ್ತೆಂಬುದನ್ನು ಮುಚ್ಚಿಡಲಾರೆ. ಸ್ವಂತ ಸೈಟೊಂದಿದ್ದರೆ ತಂಗಿಗೆ ಬರುವ ಸಂಬಂಧವೂ ಉತ್ತಮವಾಗುತ್ತಿತ್ತೆಂಬ ಎಣಿಕೆ ಅವನದು. ಅದನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಅವನ ಹಾಗೆ ಕಾಯುವವರಿಗೆ ನಮ್ಮಲ್ಲಿ ಬಾಡಿಗೆಯಲ್ಲದೆ ಭೋಗ್ಯವೆಂಬ ಇನ್ನೊಂದು ದಾರಿಯೂ ಇದೆ. ಒಂದೇ ಗಂಟಿನಲ್ಲಿ ಕೆಲವು ಲಕ್ಷ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ಹಿಂದಕ್ಕೆ ಪಡೆಯುವ ಕ್ರಮವದು. ೫ ಲಕ್ಷಕ್ಕೆ ಶೇಕಡಾ ೬.೫ರಂತೆ ತಪ್ಪಿದ ಬಡ್ಡಿ ತಿಂಗಳಿಗೆ ೨,೭೦೦ ರೂಪಾಯಿ. ಬಾಡಿಗೆ ಇದಕ್ಕಿಂತ ಹೆಚ್ಚಿದ್ದರೆ ಭೋಗ್ಯ ಲಾಭವೆಂದು ತೋರುತ್ತದೆ. ಆದರೆ ಆ ಹಣವನ್ನು ಯಜಮಾನ ಮೇಲ್ಮಹಡಿ ಕಟ್ಟಲು ಖರ್ಚುಮಾಡಿರುತ್ತಾನೆ. ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ ಮೊದಲ ಹಕ್ಕು ಬ್ಯಾಂಕಿನದು. ಋಣಭಾರ ಪತ್ರ ನೋಡದೆ, ಕರಾರನ್ನು ನೋಂದಾಯಿಸದೆ ಭೋಗ್ಯಕ್ಕೆ ಹಣ ಕೊಡುವುದು ಕೈಸಾಲ ಕೊಟ್ಟಂತೆಯೇ ಸರಿ.

ಈಗ ನನ್ನ ಸಂಗತಿ. ನನಗೆ ನಿವೃತ್ತಿಗೆ ಇನ್ನೂ ಹನ್ನೆರಡು ವರ್ಷಗಳಿವೆ. ತಾಯಿ ನಮ್ಮೊಡನೆ ಇದ್ದಾರೆ. ನನ್ನ ಹೆಂಡತಿಯ ತವರು ಹತ್ತಿರದ ಹಳ್ಳಿ. ನಿವೃತ್ತಿಯ ಮೇಲೂ ಇಲ್ಲಿಯೇ ಇರಬೇಕೆಂಬುದು ಇಬ್ಬರ ಇಚ್ಛೆ. ಬಾಡಿಗೆಯ ಮನೆಯನ್ನು ಯಜಮಾನರು ಕೆಡವಿ ಸಾಲುಕೋಣೆ ಕಟ್ಟುವುದಾಗಿ ತಿಳಿಸಿದ್ದರು. ಹೊಸ ಬಡಾವಣೆಯ ಸೈಟುಗಳ ಕಡೆಗೆ ನಾವು ಹೋಗಲಿಲ್ಲ. ಹಳೆಯ ಊರಿನೊಳಗೆ, ಗ್ರಾಮಠಾಣದಲ್ಲಿ, ಕಾರು ನುಗ್ಗದ ಓಣಿಯೊಂದರಲ್ಲಿ ಒಂದು ಮನೆ ಮಾರಾಟಕ್ಕಿತ್ತು. ಕಾರು ನುಗ್ಗದ್ದೇ ನಮ್ಮ ಅದೃಷ್ಟ. ಬೆಂಗಳೂರಿನ 'ಆಸೆ'ಯೂ ಆ ಓಣಿಗೆ ನುಗ್ಗಿರಲಿಲ್ಲ. ಆ ಮನೆಯ ಬೆಲೆ ಅದರ ಬಾಡಿಗೆಗೆ ಸಮೀಪವಾಗಿತ್ತು.

ಅಲ್ಲಿ ನಾವು ಮೊದಲು ನೋಡಿದ್ದು ನೀರನ್ನು. ೨೦೧೮ರಿಂದೀಚೆಗೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ನರಸಾಪುರದ ಕೆರೆಗೂ ಆ ನೀರು ಬಂತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡಿತೆಂದು ರೈತರು ಸಂತೋಷಪಟ್ಟರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ವಾದಿಸುವವರು ಇಂದಿಗೂ ಇದ್ದಾರೆ. ಮನೆ ಕೊಳ್ಳುವವನಿಗೆ ಇದು ದೂರದ ವಾದವಲ್ಲ. ಕುಡಿಯುವ ನೀರು ಎಲ್ಲಿಂದ, ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಸಲ, ಟ್ಯಾಂಕರು ತರಿಸಿದರೆ ಎಷ್ಟು ಎಂಬುದನ್ನು ಅಕ್ಕಪಕ್ಕದ ಹೆಂಗಸರನ್ನು ಕೇಳಿ ನನ್ನ ಹೆಂಡತಿ ಒಂದೇ ಮಧ್ಯಾಹ್ನದಲ್ಲಿ ತಿಳಿದುಕೊಂಡಳು. ದಳ್ಳಾಳಿಯಿಂದ ಒಂದು ತಿಂಗಳಿನಲ್ಲಿಯೂ ಅದು ತಿಳಿಯುತ್ತಿರಲಿಲ್ಲ.

ಮನೆ ಒಟ್ಟು ಕುಟುಂಬದ್ದು. ಮಾರಲು ಬಂದವರು ಇಬ್ಬರು ಅಣ್ಣತಮ್ಮಂದಿರು. ೨೦೦೫ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವೂ ಇಲ್ಲವೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅವರ ಮೂವರು ಅಕ್ಕತಂಗಿಯರೂ ಸಹಿ ಮಾಡಬೇಕೆಂದು ನಾನು ಹಟ ಹಿಡಿದೆ. ನಾಲ್ಕು ತಿಂಗಳಾಯಿತು. ಆಷಾಢ ಬಂದು ಹೋಯಿತು. ಅಷ್ಟರಲ್ಲಿ ಬೆಲೆ ಏರಿತೆಂದು ಹೆದರಿಸಿದವರೂ ಇದ್ದರು. ಕೊನೆಗೆ ಉಪನೋಂದಣಿ ಕಚೇರಿಯಲ್ಲಿ ಹಿರಿಯ ಅಕ್ಕ ಸಹಿ ಹಾಕಿ, “ನಮ್ಮಪ್ಪ ಕಟ್ಟಿದ ಮನೆ ಸ್ವಾಮಿ, ನನ್ನನ್ನು ಕೇಳಿ ಮಾರಿದರಲ್ಲ, ಅಷ್ಟೇ ಸಂತೋಷ” ಎಂದರು. ಕಾಗದದ ಎಚ್ಚರವೆಂಬುದು ಕೊಳ್ಳುವವನ ಸ್ವಾರ್ಥ ಮಾತ್ರವಲ್ಲ, ಕೆಲವೊಮ್ಮೆ ಇನ್ನೊಬ್ಬರಿಗೆ ಸಲ್ಲಬೇಕಾದ ಮರ್ಯಾದೆಯೂ ಹೌದೆಂದು ಆಗ ತೋರಿತು. ಸಾಲ ನಿವೃತ್ತಿಯೊಳಗೆ ತೀರುವಂತೆ ಅವಧಿಯನ್ನು ಹನ್ನೆರಡು ವರ್ಷಕ್ಕೆ ಮಿತಿಗೊಳಿಸಿದೆ. ಕಂತು ಹೆಚ್ಚಾಯಿತು, ನಿದ್ರೆ ಕೆಡಲಿಲ್ಲ.

ನಾವು ಕೊಂಡ ಮೇಲೆ ಬೆಲೆ ಏರಿದೆಯೇ ಎಂದು ಸ್ನೇಹಿತರು ಕೇಳುತ್ತಾರೆ. ನಾನು ವಿಚಾರಿಸಿಲ್ಲ. ಮಾರುವ ಉದ್ದೇಶವಿಲ್ಲದವನಿಗೆ ಏರಿದ ಬೆಲೆಯಿಂದ ದೊರೆಯುವುದು ಹೆಚ್ಚು ಕಂದಾಯವಷ್ಟೆ. ಕಾಯುತ್ತಿರುವ ಹುಡುಗನಿಗೆ ಬೆಲೆಯ ಏರಿಕೆ ಒಂದು ಕೊರಗು ನಿಜ. ಅವನಂಥವರಿಗೆ ಸರ್ಕಾರವೂ ಕಾರ್ಖಾನೆಗಳೂ ಸೇರಿ ಕೈಗೆಟುಕುವ, ಕಾಗದ ಶುದ್ಧವಾದ ಮನೆಗಳನ್ನು ಕಟ್ಟಿಸಬೇಕಾದ ಕಾಲ ಬಂದಿದೆ. ದುಡಿಯುವವರನ್ನು ಕರೆಯುವ ಊರು ಅವರಿಗೆ ನೆಲೆಯನ್ನೂ ಕೊಡಬೇಕಲ್ಲವೆ?

ಅಲ್ಲಿಯವರೆಗೆ ಕೇಳುವವರಿಗೆ ನಾನು ಹೇಳುವುದಿಷ್ಟು. ಹತ್ತು ವರ್ಷ ಇಲ್ಲಿಯೇ ಇರುವಿರಾ? ಕೆಲಸ ಕುಂಟಿದರೂ ಆರು ತಿಂಗಳು ಕಂತು ಕಟ್ಟಬಲ್ಲಿರಾ? ಬಾಡಿಗೆಗೂ ಕ್ರಯಕ್ಕೂ ಅಂತರ ಹದವಾಗಿದೆಯೆ? ಕಾಗದವನ್ನು ಬ್ಯಾಂಕು ಒಪ್ಪಿತೆ? ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆಯೆ? ಐದಕ್ಕೂ ಹೌದೆಂದಾದರೆ ಕಾಲ ಬಂದಿದೆ, ಆಷಾಢವಾದರೂ ಚಿಂತೆಯಿಲ್ಲ. ಒಂದಕ್ಕೆ ಇಲ್ಲವೆಂದಾದರೂ ಅಕ್ಷಯ ತದಿಗೆಯ ದಿನವೂ ಅಕಾಲವೇ.